ಗೋಲ್ಡನ್‌ಡೂಡಲ್ ತರೋದಾ, ಲ್ಯಾಬ್ರಡೂಡಲ್ ತರೋದಾ? ಮನೆಯಲ್ಲಿ ಇಬ್ಬರು ಮಕ್ಕಳು, ಚಿಕ್ಕವನಿಗೆ ನಾಯಿ ಕಂಡರೆ ಸೀನು

ಎರಡರಲ್ಲಿ ಯಾವುದು ತರೋದು, ಕೂದಲು ಉದುರದ ನಾಯಿ ತಂದರೆ ಚಿಕ್ಕವನಿಗೆ ಅಲರ್ಜಿ ಆಗಲ್ಲ ಅಲ್ವಾ ಅಂತ ಕೇಳಿದ್ದೀರಿ. ಐದು ವರ್ಷದ ಹಿಂದೆ ನಾನೂ ಇಲ್ಲೇ ನಿಂತಿದ್ದೆ. ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ಮಾಡಿಕೊಂಡಿದ್ದೆ. ಎಡಕ್ಕೆ ಗೋಲ್ಡನ್‌ಡೂಡಲ್, ಅಂದರೆ ಗೋಲ್ಡನ್ ರಿಟ್ರೀವರ್‌ಗೂ ಗುಂಗುರು ಕೂದಲಿನ ಪೂಡಲ್‌ಗೂ ಹುಟ್ಟಿದ ಬೆರಕೆ. ಬಲಕ್ಕೆ ಲ್ಯಾಬ್ರಡೂಡಲ್, ಅಂದರೆ ಲ್ಯಾಬ್ರಡಾರ್‌ಗೂ ಪೂಡಲ್‌ಗೂ ಹುಟ್ಟಿದ್ದು. ತೂಕ, ಆಯಸ್ಸು, ಚುರುಕು, ಮಕ್ಕಳ ಜೊತೆ ಹೊಂದಿಕೆ, ಎಲ್ಲದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ. ಮೂರು ತಿಂಗಳು ಇದೇ ಕೆಲಸ. ಕೊನೆಗೆ ಅರ್ಧ ಅಂಕದಲ್ಲಿ ಗೋಲ್ಡನ್‌ಡೂಡಲ್ ಗೆದ್ದಿತು. ಆ ಪಟ್ಟಿಯಲ್ಲಿ ಬಾಚಣಿಗೆ ಅನ್ನೋ ಪದ ಒಂದು ಕಡೆಯೂ ಇರಲಿಲ್ಲ.

ಗುಂಡ ಎರಡು ತಿಂಗಳ ಮರಿಯಾಗಿ ಬಂದ. ಕೂದಲು ಉದುರಲ್ಲ ಅಂದಿದ್ದರು, ನಿಜವೇ. ಸೋಫಾ ಮೇಲೆ ಒಂದೆಳೆ ಕಾಣುತ್ತಿರಲಿಲ್ಲ. ನಾನು ಬಂದವರಿಗೆಲ್ಲ ತೋರಿಸಿ ಹೆಮ್ಮೆ ಪಟ್ಟಿದ್ದೇ ಪಟ್ಟಿದ್ದು. ಉದುರದ ಕೂದಲು ಮತ್ತೆಲ್ಲಿಗೆ ಹೋಗುತ್ತೆ ಅಂತ ಮಾತ್ರ ಯೋಚಿಸಲಿಲ್ಲ. ಎಲ್ಲಿಗೂ ಹೋಗಲ್ಲ. ಬುಡ ಬಿಟ್ಟ ಎಳೆ ಪಕ್ಕದ ಗುಂಗುರಿಗೆ ಸಿಕ್ಕಿಕೊಂಡು ಮೈಮೇಲೇ ಉಳಿಯುತ್ತೆ.

ನಾನು ಬಾಚುತ್ತಲೇ ಇರಲಿಲ್ಲ ಅಂದುಕೊಳ್ಳಬೇಡಿ. ದಿನಾ ಸಂಜೆ ಟಿವಿ ನೋಡುತ್ತಾ ಹತ್ತು ನಿಮಿಷ ಬಾಚುತ್ತಿದ್ದೆ. ತಪ್ಪು ಆಗಿದ್ದೇ ಅಲ್ಲಿ. ನನ್ನ ಕೈಲಿದ್ದ ಮೆತ್ತನೆ ಬ್ರಷ್ ಮೇಲಿನ ಒಂದಿಂಚು ಮಾತ್ರ ಮುಟ್ಟುತ್ತಿತ್ತು. ಹೊರಗೆ ಮೋಡದ ಹಾಗೆ ಉಬ್ಬಿದ, ಹೊಳೆಯುವ ಕೂದಲು. ಒಳಗೆ ಚರ್ಮಕ್ಕೆ ಅಂಟಿಕೊಂಡು ಸಿಕ್ಕು ಬೆಳೆಯುತ್ತಿತ್ತು. ಅವನಿಗೆ ಆಗ ಹತ್ತು ತಿಂಗಳು. ಮರಿಗೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುವ ಹೊತ್ತು. ಸಿಕ್ಕು ಅತಿ ಜಾಸ್ತಿ ಆಗೋದು ಆಗಲೇ. ಅದೇ ವಾರ ಎರಡು ಸಲ ಕೆಸರಲ್ಲಿ ಹೊರಳಿದ. ಎರಡು ಸಲವೂ ಬಾಚದೆ ಹಾಗೇ ಸ್ನಾನ ಮಾಡಿಸಿದೆ. ಟವೆಲ್ಲಿನಿಂದ ಗಸಗಸ ಉಜ್ಜಿದೆ. ಸಿಕ್ಕಿಗೆ ನೀರು ಬಿದ್ದು ಒಣಗಿದರೆ ಅದು ಬಿಗಿಯುತ್ತೆ, ಬಿಚ್ಚಿಕೊಳ್ಳಲ್ಲ. ಉಣ್ಣೆ ಬಟ್ಟೆ ಬಿಸಿನೀರಿಗೆ ಹಾಕಿ ಉಜ್ಜಿದರೆ ಏನಾಗುತ್ತೆ, ಅದೇ.

ಕೂದಲು ಕತ್ತರಿಸುವ ಹುಡುಗಿ ಸ್ಟೀಲ್ ಬಾಚಣಿಗೆ ತಗೊಂಡು ಅವನ ಕಿವಿ ಹಿಂದೆ ಇಟ್ಟಳು. ಒಂದು ಬೆರಳಿನಷ್ಟು ಹೋಗಿ ನಿಂತುಬಿಟ್ಟಿತು. "ಸರ್, ನೀವೇ ಮುಟ್ಟಿ ನೋಡಿ" ಅಂದಳು. ಗುಂಗುರಿನ ಒಳಗೆ ಬೆರಳು ಹಾಕಿದೆ. ರಟ್ಟು. ಕಂಕುಳಲ್ಲಿ, ಬೆಲ್ಟಿನ ಕೆಳಗೆ, ಹಿಂದಿನ ತೊಡೆಯ ಸಂದಿಯಲ್ಲಿ, ಎಲ್ಲ ಕಡೆ ಹಾಗೇ. ಇದನ್ನು ಬಿಡಿಸೋಕೆ ಹೋದರೆ ನಾಯಿಗೆ ಹಿಂಸೆ, ಬೋಳಿಸೋದು ಬಿಟ್ಟು ದಾರಿಯಿಲ್ಲ ಅಂದಳು. ಮಷೀನ್ ಓಡಿಸಿದ ಹಾಗೆ ಕೂದಲು ಎಳೆಎಳೆಯಾಗಿ ಬೀಳಲಿಲ್ಲ, ಕಂಬಳಿ ಕಳಚಿದ ಹಾಗೆ ಒಂದೇ ತುಂಡಾಗಿ ಬಂತು. ಕೆಳಗೆ ಚರ್ಮ ಕೆಂಪಗೆ. ಕಂಕುಳಲ್ಲಿ ಹುಣ್ಣು. ಎಷ್ಟು ದಿನದಿಂದ ಆ ಸಿಕ್ಕು ಪ್ರತಿ ಹೆಜ್ಜೆಗೂ ಅವನ ಚರ್ಮ ಜಗ್ಗುತ್ತಿತ್ತೋ. ಒಂದು ಸಲವೂ ಕುಂಯ್ ಅನ್ನಲಿಲ್ಲ ಅವನು. ಮನೆಗೆ ಕರೆದುಕೊಂಡು ಬಂದರೆ ಏಳು ವರ್ಷದ ಮಗಳು "ಇದು ನಮ್ಮ ಗುಂಡ ಅಲ್ಲ" ಅಂತ ಬಾಗಿಲ ಹಿಂದೆ ನಿಂತಳು. ಕೂದಲು ಮತ್ತೆ ಬಂತು ಬಿಡಿ. ಆದರೆ ಆರು ತಿಂಗಳು, ನಾನು ಬ್ರಷ್ ಇರುವ ಡ್ರಾಯರ್ ಎಳೆದ ಸದ್ದಿಗೇ ಮಂಚದ ಕೆಳಗೆ ಓಡುತ್ತಿದ್ದ.

ಈಗ ದಿನ ಬಿಟ್ಟು ದಿನ ಅರ್ಧ ಗಂಟೆ. ಒಂದು ಕೈಯಿಂದ ಕೂದಲು ಸೀಳಿ ಚರ್ಮ ಕಾಣಿಸಬೇಕು. ಬೈತಲೆ ತೆಗೆದ ಹಾಗೆ. ಆ ಗೆರೆಯಿಂದ ಸ್ವಲ್ಪ ಸ್ವಲ್ಪವೇ ಮೊದಲು ಸಣ್ಣ ತಂತಿ ಹಲ್ಲಿನ ಸ್ಲಿಕ್ಕರ್ ಬ್ರಷ್, ಆಮೇಲೆ ಸ್ಟೀಲ್ ಬಾಚಣಿಗೆ. ಬಾಚಣಿಗೆ ಬುಡದಿಂದ ತುದಿವರೆಗೆ ತಡೆಯಿಲ್ಲದೆ ಬಂದರೆ ಆ ಜಾಗ ಮುಗಿಯಿತು. ಸ್ನಾನಕ್ಕೆ ಮುಂಚೆ ಇದು ಆಗಲೇಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸುವುದು. ಗಿಡ್ಡ ಇಟ್ಟುಬಿಡಿ. ಫೋಟೋದಲ್ಲಿರುವ ಟೆಡ್ಡಿ ಬೇರ್ ಮುಖದ ಆಸೆ ಬಿಡಿ. ಜೋತುಬಿದ್ದ ಕಿವಿಯೊಳಗೂ ನೋಡುತ್ತಿರಿ, ಸ್ನಾನದ ನೀರು ಅಲ್ಲೇ ನಿಂತರೆ ಸೋಂಕು.

ಇನ್ನು ಲ್ಯಾಬ್ರಡೂಡಲ್. ನನ್ನ ತಂಗಿ ಮನೆಯಲ್ಲಿ ಒಂದಿದೆ. ಅಲೆಅಲೆಯಾದ ಕೂದಲು, ವಾರಕ್ಕೆರಡು ಸಲ ಬಾಚಿದರೆ ಸಾಕು, ಆದರೆ ಚೆನ್ನಾಗಿಯೇ ಉದುರುತ್ತೆ. ಅದರ ಒಡಹುಟ್ಟಿದ ಮರಿ ಅವಳ ಗೆಳತಿ ಮನೆಯಲ್ಲಿದೆ. ಅದು ನಮ್ಮ ಗುಂಡನ ಹಾಗೆ ಉಂಡೆ ಗುಂಗುರು. ಒಂದೇ ತಾಯಿ, ಒಂದೇ ಹೆರಿಗೆ. ಹಾಗಾಗಿ ಎರಡು ಹೆಸರು ಎದುರುಬದುರು ಇಟ್ಟು ಹೋಲಿಸೋದರಲ್ಲಿ ನನಗೆ ನಂಬಿಕೆ ಉಳಿದಿಲ್ಲ. ಇವು ಬೆರಕೆ ನಾಯಿಗಳು, ಯಾವ ಮರಿಗೆ ಏನು ಬರುತ್ತೋ ಅದು. ಮರಿ ಮಾರುವವರು ಹೇಳುವ ಎಫ್1 ಅಂದರೆ ಮೊದಲ ತಲೆಮಾರಿನ ಬೆರಕೆ, ಅರ್ಧ ಪೂಡಲ್. ಎಫ್1ಬಿ ಅಂದರೆ ಆ ಬೆರಕೆಗೆ ಮತ್ತೆ ಪೂಡಲ್ ಕೂಡಿಸಿದ್ದು, ಸಾಮಾನ್ಯವಾಗಿ ಮುಕ್ಕಾಲು ಪೂಡಲ್. ಪೂಡಲ್ ಪಾಲು ಹೆಚ್ಚಿದಷ್ಟೂ ಉದುರೋದು ಕಮ್ಮಿ, ನಿಮ್ಮ ಕೈಗೆ ಕೆಲಸ ಜಾಸ್ತಿ.

ಅಲರ್ಜಿ ವಿಷಯದಲ್ಲಿ ನಿಮ್ಮ ಲೆಕ್ಕವೇ ತಪ್ಪು, ಬೇಜಾರು ಮಾಡ್ಕೋಬೇಡಿ. ಸೀನು ಬರಿಸೋದು ಕೂದಲಲ್ಲ. ನಾಯಿಯ ಎಂಜಲು, ಚರ್ಮದಿಂದ ಏಳುವ ಹೊಟ್ಟು, ಇವುಗಳಲ್ಲಿರುವ ಪ್ರೋಟೀನು. ಕೂದಲು ಉದುರದ ನಾಯಿಗೂ ಎಂಜಲು ಇದ್ದೇ ಇದೆಯಲ್ವಾ? ಲ್ಯಾಬ್ರಡೂಡಲ್ ಹೆಸರಾಗಿದ್ದೇ ಅಲರ್ಜಿಯ ಕಾರಣಕ್ಕೆ. 1980ರ ದಶಕದ ಕೊನೆಯಲ್ಲಿ ಹವಾಯಿಯ ಒಬ್ಬ ಕಣ್ಣು ಕಾಣದ ಹೆಂಗಸಿಗೆ ದಾರಿ ತೋರುವ ನಾಯಿ ಬೇಕಿತ್ತು, ಆಕೆಯ ಗಂಡನಿಗೆ ಅಲರ್ಜಿ. ಆಸ್ಟ್ರೇಲಿಯಾದಲ್ಲಿ ಅಂಥ ನಾಯಿಗಳನ್ನು ಬೆಳೆಸುವ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ ಅನ್ನುವವರು ಲ್ಯಾಬ್ರಡಾರ್‌ಗೂ ಪೂಡಲ್‌ಗೂ ಮರಿ ಮಾಡಿಸಿದರು. ಮೂರು ಮರಿ ಹುಟ್ಟಿದವು. ಅವುಗಳ ಕೂದಲು, ಎಂಜಲು ಕಳಿಸಿ ನೋಡಿದರೆ ಆ ಗಂಡನಿಗೆ ಒಗ್ಗಿದ್ದು ಒಂದೇ ಮರಿಯದು. ಮೂರರಲ್ಲಿ ಒಂದು! ಆಮೇಲೆ ಹುಟ್ಟಿದ ಹುಚ್ಚು ನೋಡಿ ಅವರೇ ಪಶ್ಚಾತ್ತಾಪ ಪಟ್ಟರು. ನೀವು ತರಬೇಕೆಂದಿರುವ ಮರಿಯ ಜೊತೆ ಚಿಕ್ಕವನನ್ನು ಮೂರ್ನಾಲ್ಕು ಸಲ ಗಂಟೆಗಟ್ಟಲೆ ಆಡಲು ಬಿಡಿ, ಮುಖ ನೆಕ್ಕಿಸಿಕೊಳ್ಳಲಿ. ಅದಕ್ಕೂ ಮೊದಲು ಅವನ ಡಾಕ್ಟರನ್ನು ಕೇಳಿ. ಆಗಲ್ಲ ಅಂದರೆ ನಾಯಿಯೇ ಬೇಡ.

ಸ್ವಭಾವ? ಗೋಲ್ಡನ್ ಕಡೆಯದು ಮೆದು, ಲ್ಯಾಬ್ ಕಡೆಯದು ಕುಣಿತ ಜಾಸ್ತಿ ಅಂತಾರೆ. ನಮ್ಮ ಮೆದು ಗುಂಡ 27 ಕಿಲೋ, ಪ್ರೀತಿಯಿಂದಲೇ ನೆಂಟರ ಮಗುವನ್ನು ಎರಡು ಸಲ ಕೆಡವಿದ್ದಾನೆ. ಗೋಲ್ಡನ್, ಲ್ಯಾಬ್, ಪೂಡಲ್ ಮೂರೂ ಬೇಟೆಯಲ್ಲಿ ಬಿದ್ದ ಹಕ್ಕಿ ಹೆಕ್ಕಿ ತರಲು ಬೆಳೆಸಿದ ನಾಯಿಗಳು. ದಿನಕ್ಕೆ ಒಂದು ಗಂಟೆಗೂ ಮೀರಿ ಓಡಿಸದಿದ್ದರೆ ಎರಡೂ ನಿಮ್ಮ ಚಪ್ಪಲಿ ತಿನ್ನುತ್ತವೆ. ತಂದೆತಾಯಿ ನಾಯಿಗಳ ಸೊಂಟದ ಎಕ್ಸ್‌ರೇ, ಕಣ್ಣಿನ ಪರೀಕ್ಷೆಯ ಕಾಗದ ಕೇಳಿ. ತಾಯಿಯನ್ನು ತೋರಿಸದವರ ಹತ್ತಿರ ಮರಿ ತರಬೇಡಿ.

ಇಷ್ಟಾದರೂ ಒಂದನ್ನು ಹೇಳಲೇಬೇಕು ಅಂದರೆ, ಎರಡರಲ್ಲಿ ಗುಂಗುರು ಕಮ್ಮಿ ಇರುವ ಮರಿ, ಯಾವ ಹೆಸರಿನದಾದರೂ ಸರಿ. ದಿನ ಬಿಟ್ಟು ದಿನ ನೆಲದ ಮೇಲೆ ಕೂತು ಬಾಚುವವರು ಯಾರು ಅಂತ ಮನೆಯಲ್ಲಿ ಈಗಲೇ ಕೇಳಿ. ಮಕ್ಕಳು ಕೈ ಎತ್ತುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ದೊಡ್ಡವರು ಯಾರೂ ಎತ್ತದಿದ್ದರೆ, ಮಗನಿಗೂ ಒಗ್ಗುವುದಾದರೆ, ಸುಮ್ನೆ ಒಂದು ಲ್ಯಾಬ್ರಡಾರ್ ತನ್ನಿ. ಮನೆ ತುಂಬಾ ಕೂದಲಾಗುತ್ತೆ, ಗುಡಿಸಿದರಾಯಿತು.

ಬಣ್ಣ ಯಾವುದು ಚೆನ್ನ ಅಂತಲೂ ಕೇಳಿದ್ದೀರಿ. ಗುಂಡ ಬಂದಾಗ ಜೇನಿನ ಬಣ್ಣ ಇದ್ದ, ಅದನ್ನು ನೋಡಿಯೇ ಆರಿಸಿದ್ದು. ಎರಡು ವರ್ಷಕ್ಕೆಲ್ಲ ಮಾಸಿ ಕೆನೆ ಬಣ್ಣವಾದ. ಈಗ ಹೆಚ್ಚಿನ ದಿನ ಕೆಸರಿನ ಬಣ್ಣ.