ಕಾಶಿಗೆ ಹೋದ ಅತ್ತೆಯ ಉತ್ತರಗಳು

(ಮೂರು ದಶಕಗಳಿಂದ ಅತ್ತೆ, ತಾಯಿ, ಅಜ್ಜಿಯ ಪಾತ್ರಗಳಲ್ಲಿ ಕಾಣಿಸಿಕೊಳ್ಳುತ್ತಿರುವ ಹಿರಿಯ ಪೋಷಕ ನಟಿಯೊಬ್ಬರು ಈ ವಾರ ಓದುಗರಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಅಮ್ಮಾ, ವಾರಕ್ಕೆ ಐದು ದಿನ ಅಳುತ್ತೀರಿ. ಅಷ್ಟೊಂದು ಕಣ್ಣೀರು ಎಲ್ಲಿಂದ ಬರುತ್ತದೆ?
— ಗೃಹಿಣಿ, ಚಿಕ್ಕಮಗಳೂರು

ಉತ್ತರ: ಗ್ಲಿಸರಿನ್ ಶೀಶೆಯಿಂದ. ಮೊದಲ ಎರಡು ಶಾಟ್‌ಗೆ ನನ್ನದೇ ಬರುತ್ತದೆ. ಅದೇ ಅಳುವನ್ನು ಎದುರಿನಿಂದ, ಪಕ್ಕದಿಂದ, ಸೊಸೆಯ ಹೆಗಲ ಹಿಂದಿನಿಂದ ಮತ್ತೆ ಮತ್ತೆ ತೆಗೆಯುವ ಹೊತ್ತಿಗೆ ಕೆರೆ ಬತ್ತಿರುತ್ತದೆ ತಾಯಿ.

ಪ್ರಶ್ನೆ: ನಿಮಗಿಂತ ಒಂದೆರಡು ವರ್ಷವಷ್ಟೇ ಚಿಕ್ಕವರಾದ ನಟರಿಗೆ ತಾಯಿಯಾಗುತ್ತೀರಿ. ಬೇಸರವಾಗುವುದಿಲ್ಲವೇ?
— ನಿವೃತ್ತ ಶಿಕ್ಷಕ, ತಿಪಟೂರು

ಉತ್ತರ: ಮೊದಲ ಸಲ ಆಯಿತು ಮೇಷ್ಟ್ರೇ. ನನಗಾಗ ಮೂವತ್ತೆಂಟು, ‘ಮಗ’ನಿಗೆ ಮೂವತ್ತಾರು. ಕನ್ನಡಿಯಲ್ಲಿ ನನ್ನ ಬೈತಲೆಗೆ ಬಿಳಿ ಬಳಿಯುವುದನ್ನು ನೋಡಿ ಊಟ ಸೇರಲಿಲ್ಲ. ಆಮೇಲೆ ‘ಪುಟ್ನಂಜ’ ನೆನಪಾಯಿತು. 1995ರ ಆ ಚಿತ್ರದಲ್ಲಿ ರವಿಚಂದ್ರನ್ ಮೊಮ್ಮಗ, ಉಮಾಶ್ರೀ ಅಜ್ಜಿ. ಅಜ್ಜಿ ಹುಟ್ಟಿದ್ದು 1957ರಲ್ಲಿ, ಮೊಮ್ಮಗ 1961ರಲ್ಲಿ! ಟಾಕೀಸಿನಲ್ಲಿ ಕುಳಿತು ನಕ್ಕು ಅತ್ತ ನನಗೆ ಆ ಲೆಕ್ಕ ಹೊಳೆದೇ ಇರಲಿಲ್ಲ. ‘ಒಡಲಾಳ’ ನಾಟಕದ ಸಾಕವ್ವನಾಗಿ ರಂಗದ ಮೇಲೆ ಮುಪ್ಪನ್ನು ಪಳಗಿಸಿಕೊಂಡು ಬಂದಿದ್ದ ಹೆಂಗಸು ಅವರು. ಎಷ್ಟೋ ವರ್ಷ ಹಾಸ್ಯನಟ ಎನ್.ಎಸ್. ರಾವ್ ಜೊತೆ ನಗಿಸುವುದಕ್ಕೇ ಕರೆಸಿಕೊಳ್ಳುತ್ತಿದ್ದ ಅವರಿಗೆ ‘ಗುಲಾಬಿ ಟಾಕೀಸ್’ ಚಿತ್ರದ ಸೂಲಗಿತ್ತಿಯ ಪಾತ್ರಕ್ಕೆ 2007ರ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ‘ಹಸೀನಾ’ದ ತಾರಾ ಅವರಿಗೆ ಅದಕ್ಕೂ ಮೊದಲೇ ಬಂದಿತ್ತು. ಎರಡೂ ಗಿರೀಶ್ ಕಾಸರವಳ್ಳಿಯವರ ಚಿತ್ರಗಳು. ನಮ್ಮ ಸಾಲಿನ ಕಡೆ ಕಣ್ಣು ಹಾಯಿಸುವ ನಿರ್ದೇಶಕರು ಹೆಚ್ಚಿಲ್ಲ ಎಂಬುದನ್ನೂ ಇದರಿಂದಲೇ ತಿಳಿಯಬಹುದು.

ಇನ್ನು ಪಂಢರಿಬಾಯಿ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರಿಗೆ ನಾಯಕಿ, ಮುಂದೆ ಅವರಿಗೇ ತಾಯಿ. ನನ್ನ ಮೂವತ್ತೆಂಟರ ಅಳಲು ಅವರ ಮುಂದೆ ಯಾವ ಲೆಕ್ಕ?

ಪ್ರಶ್ನೆ: ನಟನೆಯನ್ನು ಎಲ್ಲಿ ಕಲಿತಿರಿ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. 1980ರ ದಶಕದಲ್ಲಿ ನಾನು ದೂರದೂರಿನ ಕರೆಗಳನ್ನು ಜೋಡಿಸುವ ಟ್ರಂಕ್ ಕಾಲ್ ಆಪರೇಟರ್. ಸಂಜೆ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರದಲ್ಲಿ ನಾಟಕದ ತಾಲೀಮು, ರಾತ್ರಿ ಪಾಳಿಯಲ್ಲಿ ಕಿವಿಗೆ ಹೆಡ್‌ಫೋನ್. ಲೈನ್ ಸೇರಿತೇ ಎಂದು ಕಿವಿಗೊಡುವುದು ಕೆಲಸ. ಸೇರಿದ ಮೇಲೆ ಕಿವಿ ತೆಗೆಯುವುದು ಕೆಲವೊಮ್ಮೆ ತಡವಾಗುತ್ತಿತ್ತು, ಒಪ್ಪುತ್ತೇನೆ. ಒಂದು ರಾತ್ರಿ ಊರಿನಿಂದ ಯಾರೋ ತಮ್ಮ ತೀರಿಕೊಂಡ ಸುದ್ದಿ ಹೇಳಿದರು. ಈ ಕಡೆಯ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮನೆಯಲ್ಲಿ ಅಕ್ಕಿ ಇದೆಯಾ? ಜನ ಬರುತ್ತಾರಲ್ಲ” ಎಂದ. ಅಷ್ಟರಲ್ಲಿ ಕರೆಗಿದ್ದ ಮೂರು ನಿಮಿಷ ಮುಗಿಯಿತು.

ಆ ದನಿಯನ್ನು ಇಪ್ಪತ್ತು ವರ್ಷ ಇಟ್ಟುಕೊಂಡಿದ್ದೆ. ಒಂದು ಧಾರಾವಾಹಿಯಲ್ಲಿ ಮಗನ ಸಾವಿನ ಸುದ್ದಿ ಬರುವ ದೃಶ್ಯವಿತ್ತು. ಅಳುವುದಿಲ್ಲ, ಒಲೆಯ ಮೇಲಿನ ಹಾಲನ್ನು ಇಳಿಸಿ ಬರುತ್ತೇನೆ ಎಂದೆ. “ಮೇಡಂ, ಜನ ಚಾನೆಲ್ ಬದಲಾಯಿಸುತ್ತಾರೆ” ಎಂದರು ನಿರ್ದೇಶಕರು. ಗುರುವಾರ ಟಿಆರ್‌ಪಿ ಬಂದಾಗ ಏಟು ತಿನ್ನುವವರು ಅವರು, ಪಾಪ. ಎದೆ ಬಡಿದುಕೊಂಡು ಅತ್ತುಬಿಟ್ಟೆ. ಮುಂದೆ ಒಂದು ಸಣ್ಣ ಸಿನಿಮಾದಲ್ಲಿ ಅಂಥದ್ದೇ ಸಂದರ್ಭ ಬಂತು. ಹಾಲು ಇಳಿಸಿದೆ, ಸೆರಗಿನಿಂದ ಪಾತ್ರೆಯ ಅಂಚು ಒರೆಸಿದೆ. ಕ್ಯಾಮೆರಾ ನನ್ನ ಬೆನ್ನ ಹಿಂದೆ ಇತ್ತು. ಆ ಸಿನಿಮಾ ಒಂದೇ ವಾರ ಓಡಿತು. ಇವತ್ತಿಗೂ ಯಾರಾದರೂ ನನ್ನ ಅತ್ಯುತ್ತಮ ದೃಶ್ಯ ಯಾವುದೆಂದು ಕೇಳಿದರೆ, ನನ್ನ ಮುಖವೇ ಕಾಣದ ಅದನ್ನು ಹೇಳುತ್ತೇನೆ.

ಪ್ರಶ್ನೆ: ಮಗಳು ಪಿಯುಸಿ ಮುಗಿಸಿದ್ದಾಳೆ. ಧಾರಾವಾಹಿಗೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಏನು ಮಾಡಲಿ?
— ತಾಯಿ, ದಾವಣಗೆರೆ

ಉತ್ತರ: ಬೈಯಬೇಡಿ. ಮೊದಲು ಓದು ಮುಗಿಸಲಿ. ಆಮೇಲೂ ಹಟ ಉಳಿದಿದ್ದರೆ ಹೆಗ್ಗೋಡಿನ ರಂಗಶಾಲೆ ನೀನಾಸಂಗೆ ಅರ್ಜಿ ಹಾಕಲಿ, ಒಂದು ವರ್ಷದ ಕೋರ್ಸು. ರಂಗದ ನೆಲ ಗುಡಿಸಿ, ಪರದೆ ಕಟ್ಟಿ, ಸಹಪಾಠಿಗಳ ಮಾತಿಗೆ ಕಿವಿಗೊಟ್ಟು ಬಂದ ಹುಡುಗಿ ಸೆಟ್ಟಿನಲ್ಲಿ ಬೇರೆಯಾಗಿಯೇ ಕಾಣುತ್ತಾಳೆ. ‘ಪಾತ್ರ ಕೊಡುತ್ತೇವೆ, ಮೊದಲು ಇಷ್ಟು ಕಟ್ಟಿ’ ಎಂದು ಯಾರಾದರೂ ಹೇಳಿದರೆ ಆ ಫೋನನ್ನು ಅಲ್ಲಿಗೇ ಇಡಿ.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮಂಥವರಿಗೆ ದಿನದ ಲೆಕ್ಕದಲ್ಲಿ ಸಂಭಾವನೆ. ತಿಂಗಳಿಗೆ ಎಷ್ಟು ದಿನ ಕರೆಯುತ್ತಾರೋ ಅಷ್ಟು. ಕೈಗೆ ಬರುವುದು ಎರಡು ಮೂರು ತಿಂಗಳ ನಂತರ. ಒಂದು ಸಂಸ್ಥೆ ನನಗೆ ಹದಿನೇಳು ದಿನದ ಹಣ ಉಳಿಸಿಕೊಂಡು ಧಾರಾವಾಹಿಯನ್ನೇ ಮುಗಿಸಿತು. ಪೆನ್ಷನ್ ಇದ್ದುದರಿಂದ ನಾನು ಬದುಕಿದೆ, ಜೊತೆಯ ಹುಡುಗಿ ಬಾಡಿಗೆ ಕಟ್ಟಲಾಗದೆ ಊರಿಗೆ ಹೊರಟುಹೋದಳು. ಸೀರೆಯೂ ಹಲವು ಕಡೆ ನಮ್ಮದೇ. ಧಾರಾವಾಹಿಯ ಒಂದು ಮದುವೆ ನನ್ನ ಹಸಿರು ಮೈಸೂರು ರೇಷ್ಮೆಯಲ್ಲಿ ಒಂಬತ್ತು ದಿನ ನಡೆಯಿತು. ಒಗೆದರೆ ಬಣ್ಣ ತಿಳಿಯಾಗಿ ಕಂಟಿನ್ಯುಟಿ ತಪ್ಪುತ್ತದೆ ಎಂದು ರಾತ್ರಿಯಿಡೀ ಫ್ಯಾನ್ ಕೆಳಗೆ ಹರವಿ, ಬೆಳಿಗ್ಗೆ ಅದನ್ನೇ ಉಡುತ್ತಿದ್ದೆ. ಬೆವರಿನ ಅಂಚು ಕಂಕುಳಲ್ಲಿ ಬಿಳಿಯ ನಕ್ಷೆಯಂತೆ ಕೂತಿತ್ತು. ಮಗಳಿಗೆ ಇದನ್ನೆಲ್ಲ ಓದಿ ಹೇಳಿ. ಆಗಲೂ ಹೋಗುತ್ತೇನೆ ಎಂದರೆ ತಡೆಯಬೇಡಿ.

ಪ್ರಶ್ನೆ: ಸೆಟ್ಟಿನಲ್ಲಿ ಮಾತುಗಳನ್ನು ಬಾಯಿಪಾಠ ಮಾಡುತ್ತೀರಾ?
— ಓದುಗ, ಹುಣಸೂರು

ಉತ್ತರ: ಸಿನಿಮಾಕ್ಕೆ ಮಾಡುತ್ತೇನೆ. ಧಾರಾವಾಹಿಯಲ್ಲಿ ದೃಶ್ಯದ ಹಾಳೆ ಬರುವಷ್ಟರಲ್ಲಿ ಲೈಟು ಹತ್ತಿರುತ್ತದೆ. ಸಹಾಯಕ ನಿರ್ದೇಶಕ ಕ್ಯಾಮೆರಾ ಪಕ್ಕ ನಿಂತು ಪ್ರಾಂಪ್ಟ್ ಮಾಡುತ್ತಾನೆ. ಒಮ್ಮೆ ಅವನಿಗೆ ಕೆಮ್ಮು ಬಂತು. ನಾನೂ ಕೆಮ್ಮಿದೆ. ಅದು ಪ್ರಸಾರವೂ ಆಯಿತು.

ಪ್ರಶ್ನೆ: ಎರಡು ವಾರದಿಂದ ನಿಮ್ಮ ಪಾತ್ರ ಕಾಣುತ್ತಿಲ್ಲ. ಅತ್ತೆ ಎಲ್ಲಿ?
— ಅಭಿಮಾನಿ, ಮುಂಬೈ ಡೊಂಬಿವಲಿ

ಉತ್ತರ: ಕಾಶಿಯಾತ್ರೆ. ಸಿನಿಮಾಕ್ಕೆ ಹದಿನೈದು ದಿನ ರಜೆ ಕೇಳಿದೆ, ಬರಹಗಾರರು ಟಿಕೆಟ್ ತೆಗೆಸಿಕೊಟ್ಟರು. ಈ ಉತ್ತರಗಳನ್ನು ಸಕಲೇಶಪುರದ ಲಾಡ್ಜ್ ಒಂದರಲ್ಲಿ ಕುಳಿತು ಬರೆಯುತ್ತಿದ್ದೇನೆ. ಹೊರಗೆ ಮಳೆ, ಶೂಟಿಂಗ್ ನಿಂತಿದೆ. ಸೋಮವಾರ ವಾಪಸ್ಸು ಬರುತ್ತೇನೆ. ಗಂಗಾಜಲದ ತಂಬಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲಬೇಕಂತೆ, ಒಳಗೆ ಸೊಸೆ ಬೀರುವಿನ ಕೀಲಿ ಹುಡುಕುತ್ತಿರುತ್ತಾಳಂತೆ. ನಾನು ಹೇಳಿದೆನೆಂದು ಯಾರಿಗೂ ಹೇಳಬೇಡಿ.