ವಿಜಯಪುರದ ಎರೆ ಮಣ್ಣನ್ನೂ ಮಧುಗಿರಿಯ ಕೆಂಪು ಮಣ್ಣನ್ನೂ ಸರ್ವೆ ಮತ್ತು ಮಳೆ ಅಂಕಿಗಳಿಂದ ಹೋಲಿಸುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಎರಡೂ ಕಡೆ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಆದರೂ ಒಂದು ಕಡೆ ಹಿಂಗಾರಿ ಜೋಳ, ಕಡಲೆ, ಕುಸುಬೆ; ಇನ್ನೊಂದು ಕಡೆ ಮುಂಗಾರಿನಲ್ಲೇ ಶೇಂಗಾ, ರಾಗಿ. ಮಣ್ಣಿನ ನಕ್ಷೆ, ಮಣ್ಣು ಆರೋಗ್ಯ ಚೀಟಿ, ಮಳೆ ಅಂಕಿ ಎಲ್ಲ ಕೈಯಲ್ಲಿವೆ, ಇವನ್ನು ಸೇರಿಸಿ ಪ್ರಾಜೆಕ್ಟ್ ವರದಿ ಬರೆಯುವುದು ಹೇಗೆ ಎಂದು ಕೇಳಿದ್ದೀರಿ.

ಬಣ್ಣ, ಪಿಎಚ್, ಎನ್‌ಪಿಕೆ ಎಂದು ಎರಡು ಕಾಲಂ ಪಕ್ಕಪಕ್ಕ ಹಾಕಿದರೆ ಅದು ಪಟ್ಟಿಯಾಗುತ್ತದೆ, ಹೋಲಿಕೆ ಆಗುವುದಿಲ್ಲ. ಈ ಮಣ್ಣು ಬೇರಿಗೆ ಸಿಗುವ ನೀರನ್ನು ಎಷ್ಟು ಮಿ.ಮೀ. ಹಿಡಿದಿಡುತ್ತದೆ, ಮಳೆ ನಿಂತ ಮೇಲೆ ಆ ತೇವ ಎಷ್ಟು ದಿನಕ್ಕೆ ಬರುತ್ತದೆ ಎಂಬ ಲೆಕ್ಕಕ್ಕೆ ಎರಡೂ ಮಣ್ಣನ್ನು ತನ್ನಿ. ಸರ್ವೆ ದತ್ತಾಂಶ ಮತ್ತು ಹವಾಮಾನ ದತ್ತಾಂಶ ಒಂದಕ್ಕೊಂದು ಕೂಡುವುದು ಅಲ್ಲಿ ಮಾತ್ರ.

ಮೊದಲು ನಕ್ಷೆಯ ಅಳತೆ ನೋಡಿಕೊಳ್ಳಿ. ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂ ಬಳಕೆ ಯೋಜನಾ ಸಂಸ್ಥೆಯ ಕರ್ನಾಟಕ ನಕ್ಷೆ 1:2,50,000 ಅಳತೆಯದು. ಅದರಲ್ಲಿ 1 ಸೆಂ.ಮೀ. ಅಂದರೆ ನೆಲದ ಮೇಲೆ ಎರಡೂವರೆ ಕಿಲೋಮೀಟರ್. ಅದರ ಒಂದೊಂದು ಘಟಕದೊಳಗೆ ಎರಡು ಮೂರು ಬಗೆಯ ಮಣ್ಣು ಸೇರಿರುತ್ತವೆ. ಜಿಲ್ಲೆಗಳ ಚಿತ್ರ ಕೊಡಲು ಅದು ಸಾಕು, ಒಂದು ಹೊಲದ ಮಾತಾಡಲು ಸಾಲದು. ಹೊಲದ ಮಟ್ಟಕ್ಕೆ ರಾಜ್ಯದ ಸುಜಲಾ-3 ಜಲಾನಯನ ಯೋಜನೆಯಲ್ಲಿ ಮಾಡಿದ ಎಲ್‌ಆರ್‌ಐ (ಭೂ ಸಂಪನ್ಮೂಲ ಸಮೀಕ್ಷೆ) ವರದಿಗಳನ್ನು ಹಿಡಿಯಿರಿ. ಅವು 1:7,920 ಅಳತೆಯವು, ಅಂದರೆ ಗ್ರಾಮ ನಕ್ಷೆಯ ಅಳತೆ. ಸರ್ವೆ ನಂಬರ್ ಸಮೇತ ಸಿಗುತ್ತವೆ, ಒಂದೊಂದು ವರದಿ ಸುಮಾರು 500 ಹೆಕ್ಟೇರಿನ ಒಂದು ಕಿರು ಜಲಾನಯನದ್ದು.

ಆ ವರದಿಯ ನಕ್ಷೆಯಲ್ಲಿ ಮಣ್ಣಿನ ಸರಣಿಯ (ಒಂದೇ ಬಗೆಯ ಪದರಗಳಿರುವ ಮಣ್ಣುಗಳ ಗುಂಪು) ಹೆಸರಿನ ಮುಂದೆ ‘ಎಂ-ಬಿ-2-ಜಿ-1’ ತರಹದ ಗುರುತು ಇರುತ್ತದೆ. ಮೊದಲ ಅಕ್ಷರ ಮೇಲ್ಮಣ್ಣಿನ ಕಣರಚನೆ: ‘ಎಂ’ ಅಂದರೆ ಜೇಡಿ, ‘ಐ’ ಮರಳು ಮಿಶ್ರಿತ ಜೇಡಿ, ‘ಎಚ್’ ಮರಳು ಜೇಡಿ ಗೋಡು, ‘ಸಿ’ ಮರಳು ಗೋಡು. ಎರಡನೆಯದು ಇಳಿಜಾರು: ‘ಎ’ ಶೇ. 1ರ ಒಳಗೆ, ‘ಬಿ’ 1ರಿಂದ 3, ‘ಸಿ’ 3ರಿಂದ 5. ಆಮೇಲಿನ ಅಂಕಿ ಕೊಚ್ಚಣೆಯ ಮಟ್ಟ. ಕೊನೆಯ ‘ಜಿ-1’ ಅಂದರೆ ಗರಸು ಶೇ. 15ರಿಂದ 35, ‘ಜಿ-2’ ಅಂದರೆ 35ರಿಂದ 60. ಇದು ಮೇಲ್ಪದರದ ಗರಸು ಮಾತ್ರ. ಕೆಳಪದರದ ಗರಸನ್ನು ಸರಣಿಯ ವಿವರಣೆಯ ಪುಟದಲ್ಲೇ ಹುಡುಕಬೇಕು. ಕೆಂಪು ಮಣ್ಣಿನ ಲೆಕ್ಕ ಹೆಚ್ಚಾಗಿ ಕೆಡುವುದು ಇಲ್ಲಿಯೇ, ಏಕೆಂದರೆ ಮೇಲೆ ಹಸನಾಗಿ ಕಾಣುವ ಮಸಾರಿಯ ಅಡಿಯಲ್ಲಿ 40 ಸೆಂ.ಮೀ. ಇಳಿಯುವಷ್ಟರಲ್ಲಿ ಅರ್ಧಕ್ಕರ್ಧ ಗರಸು ಸಿಗುವುದು ಸಾಮಾನ್ಯ.

ಆರೋಗ್ಯ ಚೀಟಿಯ ಮೇಲೆ ಹೆಚ್ಚು ಭಾರ ಹಾಕಬೇಡಿ. ಅದರ ಮಾದರಿ ಮೇಲಿನ 15-20 ಸೆಂ.ಮೀ. ಮಣ್ಣಿನದು, ಅದನ್ನೂ 2 ಮಿ.ಮೀ. ಜರಡಿಯಲ್ಲಿ ಆಡಿಸಿ ಗರಸನ್ನು ಹೊರಗೆಸೆದಿರುತ್ತಾರೆ. ಹಾಗಾಗಿ ಆಳವೂ ಗೊತ್ತಾಗುವುದಿಲ್ಲ, ಕಲ್ಲೂ ಗೊತ್ತಾಗುವುದಿಲ್ಲ. ರಂಜಕದ ಅಂಕಿಯಲ್ಲಿ ಇನ್ನೊಂದು ತೊಡಕಿದೆ. ಕ್ಷಾರದ ಕಡೆಗಿರುವ ಎರೆ ಮಣ್ಣಿಗೆ ಓಲ್ಸನ್ ವಿಧಾನ, ಹುಳಿ ಮಣ್ಣಿಗೆ ಬ್ರೇ ವಿಧಾನ ಬಳಸುತ್ತಾರೆ. ಎರಡು ಬೇರೆ ದ್ರಾವಣ ಹೊರತೆಗೆದ ರಂಜಕವನ್ನು ಒಂದೇ ತಕ್ಕಡಿಗೆ ಹಾಕಲಾಗದು, ವಿಧಾನ ಯಾವುದೆಂದು ತಿಳಿಯದಿದ್ದರೆ ಆ ಸಾಲನ್ನೇ ಬಿಟ್ಟುಬಿಡಿ. ಇಂಗಾಲವನ್ನು ಮಾತ್ರ ಹೋಲಿಸಿ. ಕಪ್ಪಾಗಿದೆ ಎಂದು ಎರೆ ಮಣ್ಣಿನಲ್ಲಿ ಸಾವಯವ ಇಂಗಾಲ ಹೆಚ್ಚಿರುತ್ತದೆ ಎಂದುಕೊಂಡವರು ಬಹಳ ಮಂದಿ. ಅಲ್ಲಿಯೂ ಅದು ಶೇ. 0.5ರ ಕೆಳಗಿರುವುದೇ ಹೆಚ್ಚು.

ಇನ್ನು ನೀರಿನ ಲೆಕ್ಕ. ಸೂತ್ರ ಸರಳ: ಹೊಲದ ತೇವ ಸಾಮರ್ಥ್ಯದಿಂದ (ಹೆಚ್ಚಿನ ನೀರು ಬಸಿದುಹೋದ ಮೇಲೆ ಮಣ್ಣಿನಲ್ಲಿ ಉಳಿಯುವ ತೇವ) ಬಾಡುವ ಬಿಂದುವನ್ನು (ಬೇರು ಹೀರಲಾಗದೆ ಗಿಡ ಬಾಡುವಾಗಿನ ತೇವ) ಕಳೆಯಿರಿ, ಬಂದ ಶೇಕಡಾವನ್ನು ಸ್ಥೂಲ ಸಾಂದ್ರತೆಯಿಂದ (ರಂಧ್ರಗಳೂ ಸೇರಿದ ಒಂದು ಘನ ಸೆಂ.ಮೀ. ಮಣ್ಣಿನ ಒಣ ತೂಕ, ಗ್ರಾಂಗಳಲ್ಲಿ) ಗುಣಿಸಿ, ಆಳದಿಂದ ಗುಣಿಸಿ, ಕೊನೆಗೆ ಗರಸಿನ ಪಾಲನ್ನು ತೆಗೆದುಹಾಕಿ. ಪದರ ಪದರಕ್ಕೆ ಬೇರೆ ಬೇರೆ ಮಾಡಿ ಕೂಡಿಸಿದರೆ ಒಳ್ಳೆಯದು. ಆಯಾ ಮಣ್ಣಿಗೆ ಹೊಂದುವ ಅಂಕಿಗಳನ್ನಿಟ್ಟು ತೋರಿಸುತ್ತೇನೆ, ನಿಮ್ಮ ಸರಣಿಯ ಅಂಕಿ ಬಂದ ಮೇಲೆ ಬದಲಿಸಿಕೊಳ್ಳಿ. ಎರೆ: ತೇವ ಸಾಮರ್ಥ್ಯ ಶೇ. 38, ಬಾಡುವ ಬಿಂದು ಶೇ. 22, ಸಾಂದ್ರತೆ 1.3, ಆಳ 90 ಸೆಂ.ಮೀ., ಗರಸಿಲ್ಲ. 0.16 × 1.3 × 900, ಅಂದರೆ 187 ಮಿ.ಮೀ. ಕೆಂಪು: ಶೇ. 18 ಮತ್ತು 10, ಸಾಂದ್ರತೆ 1.5, ಆಳ 75 ಸೆಂ.ಮೀ., ಗರಸು ಶೇ. 35. 0.08 × 1.5 × 750 × 0.65, ಅಂದರೆ 58 ಮಿ.ಮೀ. ಬೆಳೆ ದಿನಕ್ಕೆ 4 ಮಿ.ಮೀ. ಕುಡಿಯುತ್ತದೆ ಎಂದರೆ ಒಂದರಲ್ಲಿ 46 ದಿನ, ಇನ್ನೊಂದರಲ್ಲಿ 14 ದಿನ. ವಾಸ್ತವದಲ್ಲಿ ಅರ್ಧ ತೇವ ಖರ್ಚಾಗುತ್ತಲೇ ಬೆಳೆ ಸೊರಗಲು ಶುರುವಾಗುತ್ತದೆ. ಆದರೂ ಎರಡರ ನಡುವಿನ ಅನುಪಾತ ಅಷ್ಟೇ ಉಳಿಯುತ್ತದೆ.

ಎರೆ ಮಣ್ಣಿನ ಸಾಂದ್ರತೆಯ ವಿಚಾರದಲ್ಲಿ ಎಚ್ಚರ. ಅದು ಹಿಗ್ಗಿ ಕುಗ್ಗುವ ಮಣ್ಣು. ಒಣಗಿದ ಹೆಂಟೆಯನ್ನು ಅಳೆದರೆ ಸಾಂದ್ರತೆ 1.8 ದಾಟಬಹುದು, ಏಕೆಂದರೆ ಬಿರುಕುಗಳೆಲ್ಲ ಹೆಂಟೆಯ ಆಚೆ ಉಳಿದಿರುತ್ತವೆ. ಆ ಅಂಕಿ ಹಾಕಿದರೆ 187ರ ಬದಲು 260 ಮಿ.ಮೀ. ಬರುತ್ತದೆ. ತೇವ ಸಾಮರ್ಥ್ಯದ ಹದದಲ್ಲಿ ಅಳೆದ ಸಾಂದ್ರತೆಯನ್ನೇ ಬಳಸಿ. ಗರಸಿನ ಅಂಕಿ ತೂಕದ್ದೋ ಗಾತ್ರದ್ದೋ ಎಂದೂ ನೋಡಿ, ಸೂತ್ರಕ್ಕೆ ಬೇಕಾದ್ದು ಗಾತ್ರದ ಪಾಲು.

ಹವಾಮಾನಕ್ಕೆ ಬಂದರೆ, ವಾರ್ಷಿಕ ಸರಾಸರಿ ಇಲ್ಲಿ ಏನೂ ಹೇಳುವುದಿಲ್ಲ, ಅದು ನಿಮ್ಮ ಪ್ರಶ್ನೆಯಲ್ಲೇ ಇದೆ. ಉಷ್ಣತೆಯಿಂದಲೂ ಪ್ರಯೋಜನವಿಲ್ಲ. ವರ್ಗೀಕರಣದಲ್ಲಿ ಎರಡೂ ಒಂದೇ ಉಷ್ಣ ವರ್ಗಕ್ಕೆ ಬೀಳುತ್ತವೆ, ಒಂದು ಸಾಲು ಬರೆದು ಮುಂದೆ ಹೋಗಿ. ಬೇಕಾದ್ದು ಕನಿಷ್ಠ 30 ವರ್ಷದ ದಿನವಹಿ ಮಳೆ. ಹವಾಮಾನ ಇಲಾಖೆಯ 0.25 ಡಿಗ್ರಿ ಚೌಕಗಳ ದತ್ತಾಂಶ 1901ರಿಂದ ಸಿಗುತ್ತದೆ. ಆದರೆ ಒಂದು ಚೌಕ ಸುಮಾರು 27 ಕಿ.ಮೀ. ಅಗಲ, ಒಂದು ಊರಿಗೆ ಬಿದ್ದು ಪಕ್ಕದ ಊರಿಗೆ ಬೀಳದ ಮಳೆ ಅದರಲ್ಲಿ ಹರಡಿ ತೆಳುವಾಗುತ್ತದೆ. ಹೋಬಳಿ ಮಟ್ಟಕ್ಕೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳಿವೆ. ಖಾಲಿ ಇರುವ ಕೋಶವನ್ನು 0 ಎಂದು ಓದಬೇಡಿ, ಅದು ಮಾಪಕ ಕೆಟ್ಟ ದಿನವಾಗಿರಬಹುದು. ಬೆಳಗ್ಗೆ 8.30ಕ್ಕೆ ದಾಖಲಾದ ಮಳೆ ಹಿಂದಿನ 24 ಗಂಟೆಯದು ಎನ್ನುವುದೂ ನೆನಪಿರಲಿ.

ದಿನವಹಿ ಅಂಕಿಯನ್ನು ವಾರಕ್ಕೆ ಕೂಡಿಸಿ, ಪ್ರತಿ ವಾರಕ್ಕೂ 30 ವರ್ಷದ ಮೊತ್ತಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ. ಕೆಳಗಿನಿಂದ ಎಂಟನೆಯದು ಸುಮಾರಾಗಿ ನಾಲ್ಕರಲ್ಲಿ ಮೂರು ವರ್ಷ ನಂಬಬಹುದಾದ ಮಳೆ. ಸರಾಸರಿಗಿಂತ ಇದು ಬಹಳ ಕಡಿಮೆ ಬರುತ್ತದೆ, ರೈತ ಬಿತ್ತುವುದು ಮಾತ್ರ ಇದನ್ನು ನಂಬಿಯೇ. ತಿಂಗಳ ಲೆಕ್ಕ ಬೇಡ: ಎರೆಗೆ ಹೇಗೋ ನಡೆದೀತು, 14 ದಿನದ ತೇವವಿರುವ ಮಣ್ಣಿಗೆ ತಿಂಗಳ ಮೊತ್ತ ನಡುವಿನ ಒಣ ದಿನಗಳನ್ನೇ ಮುಚ್ಚಿಹಾಕುತ್ತದೆ.

ಬೆಳೆ ಅವಧಿ ಲೆಕ್ಕ ಹಾಕಲು ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ವಿಧಾನ ನಿಮ್ಮ ಪಠ್ಯದಲ್ಲಿ ಇದ್ದೇ ಇರುತ್ತದೆ. ಮಳೆಯು ಸಂಭಾವ್ಯ ಬಾಷ್ಪ ವಿಸರ್ಜನೆಯ (ನೀರಿಗೆ ಕೊರತೆಯಿಲ್ಲದಾಗ ನೆಲ ಮತ್ತು ಗಿಡಗಳಿಂದ ಆವಿಯಾಗುವ ನೀರು) ಅರ್ಧವನ್ನು ದಾಟಿದಾಗ ಅವಧಿ ಆರಂಭ. ಮತ್ತೆ ಅರ್ಧಕ್ಕಿಂತ ಇಳಿದ ಮೇಲೆ ಮಣ್ಣಿನಲ್ಲಿ ಉಳಿದ 100 ಮಿ.ಮೀ. ತೀರುವವರೆಗೆ ಮುಂದುವರಿಕೆ. ಈ 100 ಎಲ್ಲ ಮಣ್ಣಿಗೂ ಒಂದೇ ಎಂದು ಹಿಡಿದದ್ದು. ಹಾಗೇ ಬಳಸಿದರೆ ಎರಡು ಊರಿಗೂ ಹೆಚ್ಚುಕಡಿಮೆ ಒಂದೇ ಅವಧಿ ಬಂದು ಹೋಲಿಕೆ ಅಲ್ಲಿಗೆ ಸತ್ತುಹೋಗುತ್ತದೆ. 100ರ ಜಾಗದಲ್ಲಿ ನಿಮ್ಮ 187 ಮತ್ತು 58 ಹಾಕಿ. ವಿಜಯಪುರದಲ್ಲಿ ಸೆಪ್ಟೆಂಬರ್ ಮಳೆ ಕುಡಿದ ಎರೆ, ಉತ್ತರೆ-ಹಸ್ತಕ್ಕೆ ಬಿತ್ತಿದ ಜೋಳವನ್ನು ಆಮೇಲೆ ಮಳೆಯೇ ಇಲ್ಲದೆ ಹೇಗೆ ತೆನೆಗೆ ತರುತ್ತದೆ ಎನ್ನುವುದು ಆಗ ಅಂಕಿಯಲ್ಲೇ ಕಾಣುತ್ತದೆ. ಕೆಂಪು ಮಣ್ಣಿನಲ್ಲಿ ಮಳೆಯ ಜೊತೆಗೇ ಬೆಳೆ ಮುಗಿಯಬೇಕೆನ್ನುವುದೂ ಕಾಣುತ್ತದೆ.

ಹಿಡಿಯುವ ಜಾಗ ದೊಡ್ಡದಿದ್ದ ಮಾತ್ರಕ್ಕೆ ಅದು ತುಂಬುತ್ತದೆ ಎಂದಲ್ಲ. ಬಿರುಕು ಮುಚ್ಚಿಕೊಂಡ ಎರೆಯಲ್ಲಿ ನೀರು ಇಂಗುವುದು ಬಹಳ ನಿಧಾನ, ಜೋರು ಮಳೆ ಹರಿದುಹೋಗುತ್ತದೆ. ಅದಕ್ಕೇ ಅಲ್ಲಿ ಮುಂಗಾರಿನಲ್ಲಿ ಚೌಕು ಮಡಿ ಕಟ್ಟಿ ನೀರು ನಿಲ್ಲಿಸುವುದು. ಕೆಳಪದರದಲ್ಲಿ ಸೋಡಿಯಂ ಹೆಚ್ಚಿದ್ದರೆ ಇನ್ನೂ ಕಷ್ಟ, ಇಎಸ್‌ಪಿ (ಜೇಡಿ ಹಿಡಿದಿರುವ ಧನ ಅಯಾನುಗಳಲ್ಲಿ ಸೋಡಿಯಂನ ಶೇಕಡಾ ಪಾಲು) 15 ದಾಟುವ ಮೊದಲೇ ಇಂಗುವಿಕೆ ಕುಗ್ಗುತ್ತದೆ. ಕೆಂಪು ಮಣ್ಣಿನಲ್ಲಿ ಹನಿಗಳ ಹೊಡೆತಕ್ಕೆ ಮೇಲೆ ಹೆಕ್ಕಳೆ ಕಟ್ಟುತ್ತದೆ, ಎಡೆ ಹೊಡೆದು ಒಡೆಯದಿದ್ದರೆ ಮುಂದಿನ ಮಳೆ ಒಳಗಿಳಿಯುವುದಿಲ್ಲ.

ಇಷ್ಟಾದ ಮೇಲೆ ‘ಯಾಕೆ’ ಎಂಬುದಕ್ಕೆ ಒಂದು ಪ್ಯಾರಾ ಇರಲಿ. ವಿಜಯಪುರದ ತಳ ದಖ್ಖನಿನ ಬಸಾಲ್ಟ್, ಅದು ಕೊಳೆತು ಹಿಗ್ಗುವ ಸ್ಮೆಕ್ಟೈಟ್ ಜೇಡಿಯಾಗುತ್ತದೆ. ಮಧುಗಿರಿಯದು ಗ್ರಾನೈಟ್ ಮತ್ತು ನೈಸ್, ಅದರ ಬೆಣಚು ಕರಗದೆ ಮರಳಾಗಿ ಉಳಿಯುತ್ತದೆ, ಜೇಡಿಯಲ್ಲಿ ಅಷ್ಟಾಗಿ ಹಿಗ್ಗದ ಕೆಯೋಲಿನೈಟ್ ಪಾಲು ಹೆಚ್ಚು. ಇದನ್ನು ಸರ್ವೆ ಅಂಕಿಯಿಂದಲೇ ಪರೀಕ್ಷಿಸಬಹುದು: ಧನ ಅಯಾನು ವಿನಿಮಯ ಸಾಮರ್ಥ್ಯವನ್ನು (ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದ ಅಯಾನುಗಳನ್ನು ಮಣ್ಣು ಹಿಡಿದಿಡುವ ಶಕ್ತಿ) ಜೇಡಿಯ ಶೇಕಡಾದಿಂದ ಭಾಗಿಸಿ. 0.7ರ ಮೇಲೆ ಬಂದರೆ ಹಿಗ್ಗುವ ಜೇಡಿ, 0.2-0.4ರ ನಡುವೆ ಇದ್ದರೆ ಕೆಯೋಲಿನೈಟ್ ಕಡೆಯದು.

ಸಾಧ್ಯವಿದ್ದರೆ ಒಂದೊಂದು ಗುಂಡಿ ತೆಗೆಸಿ: 2 ಮೀ. ಉದ್ದ, 1 ಮೀ. ಅಗಲ, ಒಂದೂವರೆ ಮೀಟರ್ ಆಳ, ನೋಡುವ ಗೋಡೆಗೆ ಬಿಸಿಲು ಬೀಳುವಂತೆ. ಎರೆಯ ಗೋಡೆಯಲ್ಲಿ ಅರ್ಧ ಮೀಟರ್ ಕೆಳಗಿನ ಹೆಂಟೆಯನ್ನು ಕೈಯಿಂದ ಮುರಿದರೆ ಓರೆಯಾಗಿ ಬಿರಿಯುತ್ತದೆ, ಒಡೆದ ಮೈ ಸಾಬೂನು ಸವರಿದ ಹಾಗೆ ಹೊಳೆಯುತ್ತದೆ, ಅದರ ಮೇಲೆ ಒಂದೇ ದಿಕ್ಕಿನ ಸಣ್ಣ ಗೀರುಗಳಿರುತ್ತವೆ. ಮಣ್ಣಿನ ಎರಡು ಹಲಗೆಗಳು ಹಿಗ್ಗುವಾಗ ಒಂದರ ಮೇಲೊಂದು ಜಾರಿದ ಗುರುತು ಅದು. ವರ್ಟಿಸಾಲ್ (ಹಿಗ್ಗಿ ಕುಗ್ಗುವ ಜೇಡಿ ಮಣ್ಣಿನ ವರ್ಗ) ಎಂದು ಬರೆಯಲು ಅದೂ, ಜೇಡಿ ಶೇ. 30ರ ಮೇಲಿರುವುದೂ, ಬಿರುಕೂ ಬೇಕು. ಕೆಂಪು ಗುಂಡಿಯಲ್ಲಿ ಮೇಲಿನ ಪದರಕ್ಕಿಂತ ಕೆಳಗೆ ಜೇಡಿ 1.2 ಪಟ್ಟು ಏರಿದೆಯೇ ನೋಡಿ. ಏರಿದ್ದು, ಪ್ರತ್ಯಾಮ್ಲ ಪೂರ್ಣತೆ (ವಿನಿಮಯ ಸಾಮರ್ಥ್ಯದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಸೋಡಿಯಂ ತುಂಬಿರುವ ಪಾಲು) ಶೇ. 35ರ ಮೇಲಿದ್ದರೆ ಅದು ಆಲ್ಫಿಸಾಲ್ ವರ್ಗದ ಮಣ್ಣು.

ವರದಿಯಲ್ಲಿ ‘ಎರೆ ಮೇಲು, ಕೆಂಪು ಕೀಳು’ ಎಂದು ಬರೆಯಬೇಡಿ. ಇದೇ ಸೂತ್ರದಲ್ಲಿ 30 ಸೆಂ.ಮೀ. ಆಳದ ಎರೆಯನ್ನು ಹಾಕಿ ನೋಡಿ, 62 ಮಿ.ಮೀ. ಬರುತ್ತದೆ. ಒಂದೂವರೆ ಮೀಟರ್ ಆಳದ, ಗರಸು ಶೇ. 10 ಮಾತ್ರ ಇರುವ ಕೆಂಪು ಮಣ್ಣು 162 ಕೊಡುತ್ತದೆ. ಹಾಗಾಗಿ ಎರಡು ಮಣ್ಣಿನ ಬದಲು ನಾಲ್ಕನ್ನು ತೆಗೆದುಕೊಳ್ಳಿ: ಆಳದ ಎರೆ, ತೆಳು ಎರೆ, ಆಳದ ಕೆಂಪು, ಗರಸಿನ ಕೆಂಪು. ನಾಲ್ಕಕ್ಕೂ ಅದೇ ಮಳೆಯ ಸಾಲನ್ನು ಓಡಿಸಿ, ಬೆಳೆ ಅವಧಿಯನ್ನು ಒಂದೇ ನಕ್ಷಾಚಿತ್ರದಲ್ಲಿ ಹಾಕಿ.