ಕ್ರೋಶಾದಲ್ಲಿ ಮಣಿಯ ಸೊಂಟಪಟ್ಟಿ ಹೆಣೆಯುವಾಗ ಮಣಿಗಳು ಹಿಂಬದಿಗೆ ಹೋಗುವುದೇಕೆ, ಪಟ್ಟಿ ಜೋಲುವುದೇಕೆ?

ತಂಗಿಯ ಮದುವೆಯಲ್ಲಿ ಸೀರೆಯ ಮೇಲೆ ಕಟ್ಟಿಕೊಳ್ಳಲು ಮಣಿಯ ಸೊಂಟಪಟ್ಟಿಯೊಂದನ್ನು ಹೆಣೆಯಲು ಹೊರಟಿರುವುದಾಗಿಯೂ, ಕೊಕ್ಕೆತುದಿಯ ಕಡ್ಡಿಯಿಂದ ಹೆಣೆಯುವ ಕ್ರೋಶಾದ ಸರಳ ಹೆಣಿಗೆಯಾದ ಸಿಂಗಲ್ ಕ್ರೋಶಾ ಚೆನ್ನಾಗಿ ಬರುತ್ತಿದ್ದರೂ ಹಾಕಿದ ಮಣಿಗಳಲ್ಲಿ ಅರ್ಧ ಮುಂಬದಿಯಲ್ಲಿ, ಇನ್ನರ್ಧ ಹಿಂಬದಿಯಲ್ಲಿ ಕುಳಿತುಕೊಳ್ಳುತ್ತಿವೆ ಎಂದೂ, ಹೆಣೆದ ಭಾಗವನ್ನು ಎತ್ತಿ ಹಿಡಿದರೆ ಮಣಿಯ ಭಾರಕ್ಕೆ ಉದ್ದವಾಗಿ ಜೋಲುತ್ತದೆ ಎಂದೂ ಬರೆದಿದ್ದೀರಿ. ಶಿವಮೊಗ್ಗದಲ್ಲಿ ಎಂಥ ದಾರ, ಎಂಥ ಮಣಿ ಕೊಳ್ಳಬೇಕೆಂದೂ ಕೇಳಿದ್ದೀರಿ. ನಾನು ಸಾಗರದವಳು. ಸೀರೆಗಳಿಗೆ ಕುಚ್ಚು ಹಾಕುವ ಕೆಲಸದ ಜೊತೆಗೆ ಇಂಥ ಪಟ್ಟಿಗಳನ್ನೂ ಹೆಣೆಯುತ್ತೇನೆ. ನೀವು ಹೇಳಿದ ಎರಡೂ ತೊಂದರೆಗಳು ಕೈಯ ಅಭ್ಯಾಸ ಸಾಲದೆ ಬಂದವಲ್ಲ, ಈ ಹೆಣಿಗೆಯ ಸ್ವಭಾವದಿಂದಲೇ ಬರುವಂಥವು. ಪಟ್ಟಿಯನ್ನು ಮಣಿಯಿಂದ ತುಂಬಿಸುವ ಆಸೆಯನ್ನು ಬಿಟ್ಟು, ದಾರವನ್ನು ನೆಲವಾಗಿಯೂ ಮಣಿಯನ್ನು ಅದರ ಮೇಲಿನ ಗೆರೆಯಾಗಿಯೂ ಭಾವಿಸಿ ವಿನ್ಯಾಸ ಮಾಡಿದರೆ ಎರಡೂ ತೊಂದರೆಗಳು ಬಹುಮಟ್ಟಿಗೆ ತಾವಾಗಿಯೇ ಬಗೆಹರಿಯುತ್ತವೆ.

ಮೊದಲು ಮಣಿ ಹಿಂದೆ ಹೋಗುವುದರ ಕಾರಣ ನೋಡೋಣ. ಸಿಂಗಲ್ ಕ್ರೋಶಾದಲ್ಲಿ ಕಡ್ಡಿಯನ್ನು ಕೆಳಗಿನ ಹೆಣಿಗೆಯೊಳಗೆ ತೂರಿಸಿ ಒಂದು ಕುಣಿಕೆ ಎಳೆದಾಗ ಕಡ್ಡಿಯ ಮೇಲೆ ಎರಡು ಕುಣಿಕೆಗಳಿರುತ್ತವೆ. ಮಣಿಯನ್ನು ಸೇರಿಸಬೇಕಾದದ್ದು ಈ ಹಂತದಲ್ಲಿ: ದಾರದ ಮೇಲಿರುವ ಮಣಿಯನ್ನು ಕಡ್ಡಿಗೆ ತಾಗುವಷ್ಟು ಹತ್ತಿರಕ್ಕೆ ಸರಿಸಿ, ಮಣಿಯ ಆಚೆಗಿನ ದಾರವನ್ನು ಕಡ್ಡಿಗೆ ಸುತ್ತಿ, ಎರಡೂ ಕುಣಿಕೆಗಳಿಂದ ಒಟ್ಟಿಗೆ ಎಳೆಯಬೇಕು. ದಾರ ಇರುವುದು ಹೆಣಿಗೆಯ ಆಚೆ ಮಗ್ಗುಲಲ್ಲಿ, ಆದ್ದರಿಂದ ಮಣಿಯೂ ನಿಮಗೆ ಎದುರಾಗಿರುವ ಮುಖದಲ್ಲಿ ಕೂರದೆ ಆಚೆಯ ಮುಖದಲ್ಲೇ ಕೂರುತ್ತದೆ. ನೀವು ಪ್ರತಿ ಸಾಲಿನ ಕೊನೆಗೆ ಪಟ್ಟಿಯನ್ನು ತಿರುಗಿಸುತ್ತೀರಿ, ಪ್ರತಿ ಸಾಲಿನಲ್ಲೂ ಮಣಿ ಹಾಕುತ್ತೀರಿ, ಹಾಗಾಗಿ ಒಂದು ಸಾಲಿನ ಮಣಿ ಒಂದು ಮುಖಕ್ಕೂ ಮುಂದಿನ ಸಾಲಿನದು ಇನ್ನೊಂದು ಮುಖಕ್ಕೂ ಹೋಗುತ್ತಿದೆ. ಪಟ್ಟಿಯ ಹಿಂಬದಿ ನಿಮ್ಮ ಕಡೆಗಿರುವ ಸಾಲುಗಳಲ್ಲಿ ಮಾತ್ರ ಮಣಿ ಹಾಕಿ, ಮುಂಬದಿ ನಿಮ್ಮ ಕಡೆಗಿರುವ ಸಾಲುಗಳನ್ನು ಬರಿ ದಾರದಲ್ಲೇ ಹೆಣೆಯಿರಿ. ಒಂದು ಸಾಲು ಬರಿದು, ಒಂದು ಸಾಲು ಮಣಿಯದು, ಕೊನೆಯ ತನಕ ಹೀಗೆಯೇ.

ಸೀರೆಯ ಕುಚ್ಚು ಹಾಕಿ ಅಭ್ಯಾಸವಿರುವವರಿಗೆ ಇಲ್ಲಿ ಒಂದು ಬದಲಾವಣೆ ಕಷ್ಟವೆನಿಸುತ್ತದೆ. ಕುಚ್ಚಿನಲ್ಲಿ ಮಣಿಯನ್ನು ಬೇಕಾದಾಗ ಬೇಕಾದ ಕಡೆ ಸೇರಿಸಬಹುದು, ಅದು ಅಂಚಿನಲ್ಲಿ ತೂಗುವ ಮಣಿ. ಪಟ್ಟಿಯಲ್ಲಿ ಮಣಿ ಹೆಣಿಗೆಯ ಒಡಲಿನಲ್ಲೇ ಇರುವುದರಿಂದ ಕಡ್ಡಿ ಹಿಡಿಯುವ ಮೊದಲೇ ಎಲ್ಲ ಮಣಿಗಳನ್ನೂ ದಾರಕ್ಕೆ ಪೋಣಿಸಿಕೊಂಡಿರಬೇಕು, ಅದೂ ತಲೆಕೆಳಗಾಗಿ. ಮೊದಲು ಪೋಣಿಸಿದ ಮಣಿ ಉಂಡೆಯ ಕಡೆಗೆ ಸರಿದು ಕೊನೆಯಲ್ಲಿ ಬಳಕೆಗೆ ಬರುತ್ತದೆ, ಕೊನೆಯಲ್ಲಿ ಪೋಣಿಸಿದ್ದು ಮೊದಲು ಬರುತ್ತದೆ. ನಕ್ಷೆಯನ್ನು ಪಟ್ಟಿಯ ಮುಂಬದಿ ಕಾಣುವಂತೆ ಬರೆದಿದ್ದರೆ, ಬಲಗೈಯವರು ಹೆಣೆಯುವ ಮಣಿಸಾಲು ಹಿಂಬದಿಯಿಂದ ನೋಡಿದಾಗ ಬಲದಿಂದ ಎಡಕ್ಕೆ ಸಾಗಿದರೂ ಮುಂಬದಿಯಲ್ಲಿ ಎಡದಿಂದ ಬಲಕ್ಕೆ ಮೂಡುತ್ತದೆ. ಆದ್ದರಿಂದ ಪೋಣಿಸುವಾಗ ನಕ್ಷೆಯ ಮೇಲ್ತುದಿಯ ಸಾಲಿನ ಬಲತುದಿಯಿಂದ ಆರಂಭಿಸಿ ಎಡಕ್ಕೆ ಓದುತ್ತ, ಸಾಲು ಸಾಲಾಗಿ ಕೆಳಗಿಳಿಯಬೇಕು. ಎಡಬಲ ಒಂದೇ ಆಗಿರುವ ವಿನ್ಯಾಸವನ್ನು ಆರಿಸಿಕೊಂಡರೆ ಈ ಓದುವ ಗೊಂದಲದಲ್ಲಿ ಅರ್ಧ ಇಲ್ಲವಾಗುತ್ತದೆ. ಮೊದಲ ಪಟ್ಟಿಗೆ ಅಂಥದ್ದೇ ಇರಲಿ.

ವಿನ್ಯಾಸದ ವಿಷಯದಲ್ಲಿ ತುಸು ಹೆಚ್ಚು ಹೇಳಬೇಕಿದೆ, ಏಕೆಂದರೆ ಹೆಚ್ಚಿನ ಪಟ್ಟಿಗಳು ಕೆಡುವುದು ಇಲ್ಲಿಯೇ. ಬಹಳ ಜನ ಕಸೂತಿಯ ನಕ್ಷೆಯನ್ನೋ ಮಣಿಯ ಪರ್ಸಿನ ನಕ್ಷೆಯನ್ನೋ ಚೌಕದ ಗ್ರಾಫ್ ಹಾಳೆಯಿಂದ ನೇರವಾಗಿ ಎತ್ತಿಕೊಳ್ಳುತ್ತಾರೆ. ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಮಣಿ ಬರುವಾಗ ಪಕ್ಕಪಕ್ಕದ ಎರಡು ಮಣಿಗಳ ನಡುವಿನ ದೂರ ಸುಮಾರು 3 ಮಿಲಿಮೀಟರ್ ಇದ್ದರೆ, ಮೇಲೆ ಕೆಳಗಿನ ಮಣಿಗಳ ನಡುವಿನ ದೂರ ಅದರ ಎರಡರಷ್ಟು ಆಗುತ್ತದೆ. ಚೌಕದ ಹಾಳೆಯ ಮೇಲೆ ದುಂಡಗೆ ಕಂಡ ಹೂವು ಪಟ್ಟಿಯಲ್ಲಿ ಸೌತೆಕಾಯಿಯಷ್ಟು ಉದ್ದವಾಗಿ ಬಿಡುತ್ತದೆ. ಗ್ರಾಫ್ ಹಾಳೆಯಲ್ಲಿ ಅಗಲಕ್ಕೆ ಒಂದು ಮನೆ, ಎತ್ತರಕ್ಕೆ ಎರಡು ಮನೆ ಸೇರಿಸಿ ಒಂದು ಮಣಿಯೆಂದು ಎಣಿಸಿ ಬರೆಯಿರಿ. ಓರೆ ಗೆರೆ ಬೇಕಾದಲ್ಲಿ ಪ್ರತಿ ಮಣಿಸಾಲಿಗೆ ಒಂದರ ಬದಲು ಎರಡು ಹೆಣಿಗೆ ಪಕ್ಕಕ್ಕೆ ಸರಿಸಿದರೆ ಗೆರೆ ಸರಿಯಾದ ಓರೆಯಲ್ಲಿ ನಿಲ್ಲುತ್ತದೆ.

ಇದಕ್ಕೆ ನಮ್ಮ ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಮನೆಗಳ ಗೋಡೆಚಿತ್ರವಾದ ಹಸೆ ಚಿತ್ತಾರ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದನ್ನು ಹೆಣೆದು ನೋಡಿದವರೇ ಬಲ್ಲರು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳು, ನಡುವೆ ಅಲ್ಲಲ್ಲಿ ಗುರಿಗೆ ಬೀಜದ ಹಳದಿ, ಹುರಿದು ಕರಿದಾದ ಅಕ್ಕಿಯ ಕಪ್ಪು. ಭೂಮಿ ಹುಣ್ಣಿಮೆಯ ಹಬ್ಬಕ್ಕೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇವೇ ಬಣ್ಣಗಳು, ಇವೇ ನೇರ ಮತ್ತು ಓರೆ ಗೆರೆಗಳು. ಅಲ್ಲಿ ಗೋಡೆಯನ್ನು ಯಾರೂ ಬಿಳಿಯಿಂದ ತುಂಬಿಸುವುದಿಲ್ಲ, ಕೆಂಪು ನೆಲ ಕಾಣುವುದರಿಂದಲೇ ಗೆರೆಗೆ ಬೆಲೆ. ಇಟ್ಟಿಗೆಗೆಂಪಿನ ದಾರದ ಮೇಲೆ ಹಾಲುಬಿಳಿ ಮಣಿ ಹಾಕಿದ ಪಟ್ಟಿ ರೇಷ್ಮೆ ಸೀರೆಯ ಮೇಲೆ ಕಂಗೊಳಿಸುವಷ್ಟು ಚೆನ್ನಾಗಿ ಮೈತುಂಬ ಮಣಿ ತುಂಬಿದ ಪಟ್ಟಿ ಕಾಣುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಸರಳ ವಿನ್ಯಾಸವನ್ನೇ ಲೆಕ್ಕ ಸಮೇತ ಕೊಡುತ್ತೇನೆ. 14 ಚೈನ್ (ಒಂದರೊಳಗಿಂದ ಒಂದನ್ನು ಎಳೆದ ಕುಣಿಕೆಗಳ ಸರ) ಹಾಕಿ, ಮೊದಲ ಸಾಲಿನಲ್ಲಿ 13 ಸಿಂಗಲ್ ಕ್ರೋಶಾ ಬರುವಂತೆ ಹೆಣೆಯಿರಿ, ಮುಂದೆ ಪ್ರತಿ ಸಾಲಿನ ತಿರುವಿನಲ್ಲಿ ಒಂದು ಚೈನ್. ಎರಡು ಅಂಚಿನ ಹೆಣಿಗೆಗಳನ್ನು ಮಣಿಯಿಲ್ಲದೆ ಬಿಟ್ಟರೆ ನಡುವೆ 11 ಮಣಿಗಳಿಗೆ ಜಾಗವಿರುತ್ತದೆ. ಪ್ರತಿ ಮಣಿಸಾಲಿನಲ್ಲೂ 1 ಮತ್ತು 11ನೇ ಜಾಗದಲ್ಲಿ ಬಿಳಿ ಮಣಿ, ಅದು ಅಂಚಿನ ಗೆರೆ. ಅದರೊಳಗೆ ಮೊದಲ ಮಣಿಸಾಲಿನಲ್ಲಿ 2 ಮತ್ತು 10ರಲ್ಲಿ ಬಿಳಿ, 6ರಲ್ಲಿ ಹಳದಿ. ಎರಡನೆಯದರಲ್ಲಿ 4 ಮತ್ತು 8ರಲ್ಲಿ ಬಿಳಿ. ಮೂರನೆಯದರಲ್ಲಿ 6ರಲ್ಲಿ ಮಾತ್ರ ಬಿಳಿ. ನಾಲ್ಕನೆಯದರಲ್ಲಿ ಮತ್ತೆ 4 ಮತ್ತು 8. ಈ ನಾಲ್ಕು ಮಣಿಸಾಲುಗಳನ್ನೇ ಮತ್ತೆ ಮತ್ತೆ ಹೆಣೆಯುತ್ತ ಹೋದರೆ ಒಂದಕ್ಕೊಂದು ತಾಗಿದ ವಜ್ರಾಕಾರದ ಮನೆಗಳೂ ಪ್ರತಿ ಮನೆಯ ನಡುವೆ ಒಂದು ಹಳದಿ ಚುಕ್ಕೆಯೂ ಮೂಡುತ್ತವೆ. ಇಂಚಿಗೆ 8 ಸಾಲು ಬರುವ ಕೈಯಲ್ಲಿ ಒಂದು ಮನೆ ಸರಿಯಾಗಿ ಒಂದು ಇಂಚು. 30 ಇಂಚಿನ ಪಟ್ಟಿಗೆ 30 ಮನೆ ಹೆಣೆದು, ಕೊನೆಗೆ ಮೊದಲ ಮಣಿಸಾಲನ್ನು ಇನ್ನೊಮ್ಮೆ ಹೆಣೆದರೆ ಎರಡು ತುದಿಗಳೂ ಒಂದೇ ರೀತಿ ಇರುತ್ತವೆ. ಒಟ್ಟು 454 ಬಿಳಿ, 31 ಹಳದಿ ಮಣಿ ಬೇಕು. ಪೋಣಿಸುವುದಂತೂ ಬಲು ಸುಲಭ: ಆರಂಭಕ್ಕೆ 2 ಬಿಳಿ, ಒಂದು ಹಳದಿ, ಆಮೇಲೆ ಪ್ರತಿ 15 ಬಿಳಿಗೆ ಒಂದು ಹಳದಿ, ಕೊನೆಯ ಹಳದಿಯ ನಂತರ 2 ಬಿಳಿ. ಹಿಂದುಮುಂದಿನ ಗೊಂದಲವೇ ಇಲ್ಲ. ಇದೇ ಅಳತೆಯ ಪಟ್ಟಿಯ 11 ಜಾಗಗಳನ್ನೂ ತುಂಬಿಸಿದರೆ 1,300ಕ್ಕೂ ಹೆಚ್ಚು ಮಣಿ ಬೇಕಾಗುತ್ತಿತ್ತು. ನಿಮ್ಮ ಪಟ್ಟಿ ಜೋಲುವುದಕ್ಕೆ ಮುಖ್ಯ ಕಾರಣ ಈ ಭಾರ.

ಇಷ್ಟು ಮಣಿಗಳನ್ನು ಒಂದೇ ದಾರದಲ್ಲಿ ಪೋಣಿಸಿಕೊಳ್ಳಬಹುದಾದರೂ ನೂರಾರು ಮಣಿಗಳು ಹಿಂದೆ ಮುಂದೆ ಸರಿದಾಡಿದಷ್ಟೂ ದಾರ ಸವೆದು ನವಿರೇಳುತ್ತದೆ. ಹತ್ತು ಇಂಚಿಗೆ ಬೇಕಾದಷ್ಟನ್ನು ಪೋಣಿಸಿ, ಅದು ಮುಗಿದ ಮೇಲೆ ಅಂಚಿನಲ್ಲಿ ದಾರ ಕತ್ತರಿಸಿ ಹೊಸ ದಾರ ಸೇರಿಸುವುದು ಮೇಲು. ಹಾಗೆ ಮಾಡುವುದಾದರೆ ಕೊನೆಯ ಭಾಗವನ್ನು ಬಿಟ್ಟು ಉಳಿದ ಭಾಗಗಳ ಪೋಣಿಸುವಿಕೆ 13 ಬಿಳಿಯಿಂದ ಆರಂಭವಾಗಬೇಕು.

ಇನ್ನು ಸಾಮಗ್ರಿ. ಮಣಿಯ ಅಳತೆಯಲ್ಲಿ ಸಂಖ್ಯೆ ಹೆಚ್ಚಾದಷ್ಟೂ ಮಣಿ ಚಿಕ್ಕದು: 11/0 ಎಂದರೆ ಸುಮಾರು 2 ಮಿಲಿಮೀಟರ್, 8/0 ಎಂದರೆ ಸುಮಾರು 3, 6/0 ಎಂದರೆ ಸುಮಾರು 4. ಸೊಂಟಪಟ್ಟಿಗೆ 8/0 ಗಾಜಿನ ಮಣಿ, 10ನೇ ನಂಬರಿನ ಹತ್ತಿಯ ಕ್ರೋಶಾ ದಾರ ಮತ್ತು 1.5 ಮಿಲಿಮೀಟರಿನ ಸ್ಟೀಲ್ ಕಡ್ಡಿ ಚೆನ್ನಾಗಿ ಹೊಂದುತ್ತವೆ. ಮಣಿಯ ತೂತು ಕಿರಿದಾಗಿದ್ದರೆ 20ನೇ ನಂಬರಿನ ದಾರ ತೆಗೆದುಕೊಳ್ಳಿ, ದಾರದಲ್ಲೂ ಸಂಖ್ಯೆ ಹೆಚ್ಚಾದಷ್ಟು ಎಳೆ ತೆಳು. ಕುಚ್ಚಿಗೆ ಬಳಸುವ ಹೊಳಪಿನ ಸಿಲ್ಕ್ ದಾರ ಇದಕ್ಕೆ ಬೇಡ; ಅದು ಜಾರುತ್ತದೆ, ಕುಣಿಕೆ ಸಡಿಲವಾಗುತ್ತದೆ, ಮಣಿಯ ಅಂಚಿಗೆ ಬೇಗ ಸವೆಯುತ್ತದೆ. ಶಿವಮೊಗ್ಗದ ಗಾಂಧಿ ಬಜಾರಿನ ಕಡೆಯ ಟೈಲರಿಂಗ್ ಸಾಮಗ್ರಿಯ ಅಂಗಡಿಗಳಲ್ಲೂ ಫ್ಯಾನ್ಸಿ ಸ್ಟೋರ್‌ಗಳಲ್ಲೂ ವಿಚಾರಿಸಿ. ಹೆಚ್ಚು ಬಣ್ಣಗಳ ಆಯ್ಕೆ ಬೇಕೆಂದರೆ ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್‌ಗೆ ಒಮ್ಮೆ ಹೋಗಿಬನ್ನಿ. ಎಲ್ಲಿ ಕೊಂಡರೂ ದಾರವನ್ನು ಜೊತೆಗೆ ಒಯ್ದು ಮಣಿಯೊಳಗೆ ತೂರಿಸಿ ನೋಡಿಯೇ ಕೊಳ್ಳಬೇಕು. 8/0 ಮಣಿ ಗ್ರಾಂ ಒಂದಕ್ಕೆ ಸುಮಾರು 35ರಿಂದ 40 ಬರುವುದರಿಂದ ಮೇಲಿನ ವಿನ್ಯಾಸಕ್ಕೆ 14 ಗ್ರಾಂ ಸಾಕು, ಆದರೂ 25 ಗ್ರಾಂ ಒಮ್ಮೆಗೇ ಕೊಳ್ಳಿ. ಅಗ್ಗದ ಮಣಿಗಳಲ್ಲಿ ಓರೆಯಾದವು, ತೂತು ಮುಚ್ಚಿದವು ಸಾಕಷ್ಟಿರುತ್ತವೆ, ಅವನ್ನು ಆರಿಸಿ ತೆಗೆಯಬೇಕಾಗುತ್ತದೆ. ಒಳಗೆ ಬೆಳ್ಳಿಯ ಹೊಳಪಿರುವ ಮಣಿ ಅಂಗಡಿಯಲ್ಲಿ ಕಣ್ಣು ಸೆಳೆದರೂ ಬೆವರಿಗೂ ತೇವಕ್ಕೂ ಕಪ್ಪಾಗುತ್ತದೆ. ಬಣ್ಣ ಬಳಿದ ಮಣಿಯೋ ಅಲ್ಲವೋ ತಿಳಿಯಲು ನಾಲ್ಕಾರು ಮಣಿಗಳನ್ನು ಸೋಪಿನ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಕೆಂಪು ದಾರವನ್ನೂ ಹೀಗೆಯೇ ಪರೀಕ್ಷಿಸಬೇಕು, ಅದು ಬಣ್ಣ ಬಿಟ್ಟರೆ ಹಾಳಾಗುವುದು ಮದುವೆಯ ಸೀರೆ. ಪೋಣಿಸಲು ಸೂಜಿ ಬೇಕಾಗಿಲ್ಲ. ದಾರದ ತುದಿಯ ಒಂದೆರಡು ಇಂಚಿಗೆ ಉಗುರುಬಣ್ಣವನ್ನೋ ಫೆವಿಕಾಲನ್ನೋ ಸವರಿ, ಒಣಗಿದ ಮೇಲೆ ಓರೆಯಾಗಿ ಕತ್ತರಿಸಿದರೆ ಅದೇ ಸೂಜಿಯಂತೆ ಗಟ್ಟಿಯಾಗುತ್ತದೆ.

ಜೋಲುವುದಕ್ಕೆ ಭಾರ ಕಡಿಮೆ ಮಾಡಿದರೆ ಅರ್ಧ ಪರಿಹಾರ ಮಾತ್ರ. ಅಡ್ಡಸಾಲುಗಳಲ್ಲಿ ಹೆಣೆದ ಪಟ್ಟಿ ಉದ್ದಕ್ಕೆ ಹಿಗ್ಗಿಯೇ ಹಿಗ್ಗುತ್ತದೆ. ಉದ್ದಸಾಲುಗಳಲ್ಲಿ ಹೆಣೆದರೆ ಹಿಗ್ಗುವುದು ಕಡಿಮೆ, ಆದರೆ ಮೊದಲ ಚೈನೇ ಪಟ್ಟಿಯ ಪೂರ್ಣ ಅಳತೆಗೆ ಬರಬೇಕು, ನಡುವೆ ಅಳತೆ ಬದಲಿಸುವಂತಿಲ್ಲ. ಅಡ್ಡಸಾಲಿನಲ್ಲೇ ಹೆಣೆದು ಹಿಂಬದಿಗೆ ಒಳಪಟ್ಟಿ ಕೊಡುವುದನ್ನೇ ನಾನು ಹೇಳುತ್ತೇನೆ. ಒಳಪಟ್ಟಿಗೆ ಸೀರೆಗೆ ಹಚ್ಚುವ ಹತ್ತಿಯ ಫಾಲ್ಸ್ ಬಟ್ಟೆಗಿಂತ ಒಳ್ಳೆಯದು ಬೇರೆ ಇಲ್ಲ. ಅದನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ, ಆಮೇಲೆ ಪಟ್ಟಿಗಿಂತ ಎರಡು ಮೂರು ಮಿಲಿಮೀಟರ್ ಕಿರಿದಾಗುವಂತೆ ಮಡಚಿ ಇಸ್ತ್ರಿ ಮಾಡಿ, ಸೊಂಟದ ಅಳತೆಗೆ ಸರಿಯಾಗಿ ಕತ್ತರಿಸಿಕೊಳ್ಳಿ. ಹೆಣೆದ ಪಟ್ಟಿಯನ್ನು ಎಳೆಯದೆ ಅದರ ಮೇಲೆ ಹರಡಿ, ಗುಂಡುಸೂಜಿ ಚುಚ್ಚಿ, ಮಣಿಯಿಲ್ಲದ ಅಂಚಿನ ಹೆಣಿಗೆಯನ್ನು ಹಿಡಿದು ಕೈಯಿಂದ ಹೆಮ್ಮಿಂಗ್ ಮಾಡಿ. ಆಗ ಎಳೆತವೆಲ್ಲ ಬಟ್ಟೆಯ ಮೇಲೆ ಬೀಳುತ್ತದೆ, ದಾರದ ತುದಿಗಳೂ ಗಂಟುಗಳೂ ಒಳಗೆ ಅಡಗುತ್ತವೆ. ಸೊಂಟದ ಅಳತೆಯನ್ನು ಸೀರೆ ಉಟ್ಟು, ನೆರಿಗೆ ಸಿಕ್ಕಿಸಿದ ಮೇಲೆಯೇ ತೆಗೆಯಬೇಕು. ಹಿಂದೆ ಕೊಕ್ಕೆಯ ಬದಲು ಎರಡು ಕಡೆಯೂ ಹುರಿಯಂಥ ದಾರ ಹೆಣೆದು ತುದಿಗೆ ಗೊಂಡೆ ಕಟ್ಟಿದರೆ ಅಳತೆ ಒಂದಿಷ್ಟು ಆಚೀಚೆಯಾದರೂ ನಡೆಯುತ್ತದೆ. ಕೊಕ್ಕೆಯೇ ಬೇಕೆಂದರೆ ಹಿತ್ತಾಳೆಯದು ಇರಲಿ, ಕಬ್ಬಿಣದ ಕೊಕ್ಕೆ ನಮ್ಮ ಮಲೆನಾಡಿನ ಒಂದು ಮಳೆಗಾಲದಲ್ಲೇ ತುಕ್ಕು ಹಿಡಿದು ದಾರಕ್ಕೆ ಕಲೆ ಮಾಡುತ್ತದೆ.

ನಡುವೆ ಒಂದು ಮಣಿ ಹೆಚ್ಚಾಗಿ ಪೋಣಿಸಿದ್ದು ಕಂಡುಬಂದರೆ ಬಿಚ್ಚಬೇಡಿ. ಮಣಿಯ ತೂತಿನೊಳಗೆ ದಾರದ ಪಕ್ಕ ತೆಳುವಾದ ಸೂಜಿಯೊಂದನ್ನು ತೂರಿಸಿ ದಾರಕ್ಕೆ ಕಾವಲಿಟ್ಟು, ಮೇಲೆ ಬಟ್ಟೆ ಮುಚ್ಚಿ ಇಕ್ಕಳದಿಂದ ಒತ್ತಿದರೆ ಮಣಿ ಒಡೆದು ಉದುರುತ್ತದೆ. ಕಣ್ಣಿಗೆ ಚೂರು ಸಿಡಿಯದಂತೆ ಎಚ್ಚರವಿರಲಿ. ಕಡಿಮೆಯಾದ ಮಣಿಯನ್ನು ಕೊನೆಯಲ್ಲಿ ಸೂಜಿದಾರದಿಂದ ಹೊಲಿದರಾಯಿತು. ದಾರದ ಮೇಲೆ ಸಡಿಲವಾಗಿ ಅಂಟಿಸಿದ ಮಣಿಗಿಂತ ಹೆಣಿಗೆಯೊಳಗೆ ಸೇರಿದ ಮಣಿ ಎಷ್ಟೋ ಗಟ್ಟಿ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ಸೆರೆಯಲ್ಲಿದ್ದ ತುರ್ಕಿ ಯೋಧರು ಇದೇ ರೀತಿ ಮಣಿ ಪೋಣಿಸಿ ಕ್ರೋಶಾದಲ್ಲಿ ಹೆಣೆದ ಹಾವುಗಳು ನೂರು ವರ್ಷ ದಾಟಿಯೂ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ.

ತೊಳೆಯಬೇಕಾದಾಗ ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಟವೆಲ್ಲಿನಲ್ಲಿ ಒತ್ತಿ, ಚಾಪೆಯ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಿ, ತಂತಿಗೆ ನೇತುಹಾಕಬೇಡಿ. ಮಳೆಗಾಲದಲ್ಲಿ ಬಚ್ಚಲೊಲೆಯ ಹತ್ತಿರ ಒಣಗಿಸಿದರೆ ಹೊಗೆಗೆ ದಾರ ಮಂಕಾಗುತ್ತದೆ, ಅದಕ್ಕಿಂತ ಫ್ಯಾನಿನ ಕೆಳಗೆ ಎರಡು ದಿನ ಬಿಡುವುದು ವಾಸಿ. ಪೂರ್ತಿ ಒಣಗದೆ ಪೆಟ್ಟಿಗೆಯೊಳಗಿಟ್ಟರೆ ಒಳಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ಇಡುವಾಗ ಮಡಚದೆ, ಮಣಿಯ ಮುಖ ಹೊರಗೆ ಬರುವಂತೆ ಸಡಿಲವಾಗಿ ಸುರುಳಿ ಸುತ್ತಿ ಹಳೆಯ ಹತ್ತಿ ಬಟ್ಟೆಯಲ್ಲಿಡಿ; ಮುಖ ಒಳಗಾಗಿ ಸುತ್ತಿದರೆ ಮಣಿಗಳು ಒಂದನ್ನೊಂದು ಒತ್ತಿ ದಾರವನ್ನು ಕೊಯ್ಯುತ್ತವೆ.